ಏಳು ಸಂಸ್ಕಾರ, ಒಂದು ದಫ್ತರ

ನಮ್ಮ ಬೀದಿಯ ಮೂರನೆಯ ಮನೆಯಲ್ಲಿ ಮಂಗಳೂರು ಕಡೆಯ ಒಂದು ಕ್ಯಾಥೊಲಿಕ್ ಕುಟುಂಬ ವಾಸವಾಗಿದೆ. ಅವರು ಬೆಂಗಳೂರಿಗೆ ಬಂದು ನೆಲೆಸಿ ಎರಡು ತಲೆಮಾರು ಕಳೆದಿವೆ. ಆದರೂ ಮನೆಯೊಳಗಿನ ಮಾತು ಕೊಂಕಣಿ. ಅಡುಗೆಮನೆಯಿಂದ ಹೊರಡುವುದು ತೆಂಗಿನೆಣ್ಣೆಯ ಪರಿಮಳ. ಆ ಮನೆಯ ಹಿರಿಯಜ್ಜಿಯನ್ನು ನಾವೆಲ್ಲರೂ ‘ಬಾಯಮ್ಮ’ನೆಂದೇ ಕರೆಯುತ್ತಿದ್ದೆವು. ಎಂಬತ್ತು ದಾಟಿದ್ದರೂ ಆಕೆ ಪ್ರತಿ ಸಂಜೆ ಜಗಲಿಯ ಮೆಟ್ಟಿಲ ಮೇಲೆ ಕುಳಿತು ಎಂಟು ವರ್ಷದ ಮೊಮ್ಮಗಳಿಗೆ ಏನನ್ನೋ ಪಾಠ ಒಪ್ಪಿಸಲು ಹೇಳುತ್ತಿದ್ದರು.

ಒಂದು ದಿನ ಕುತೂಹಲ ತಡೆಯದೆ, “ಏನು ಮಗು, ಪರೀಕ್ಷೆ ಹತ್ತಿರ ಬಂತೇ?” ಎಂದು ಕೇಳಿದೆ.

“ಪರೀಕ್ಷೆಯಲ್ಲ ಮಾಮ, ಮೊದಲ ಪರಮಪ್ರಸಾದ. ಒಂದು ವರ್ಷದಿಂದ ಪ್ರತಿ ಭಾನುವಾರ ತರಗತಿ ಇದೆ” ಎಂದಳು ಹುಡುಗಿ.

ನಾಣ್ಯದಗಲದ ಒಂದು ತೆಳುವಾದ ರೊಟ್ಟಿಯ ಬಿಲ್ಲೆಗೆ ಒಂದು ವರ್ಷದ ಸಿದ್ಧತೆಯೇ! ನಾನು ನಕ್ಕುಬಿಟ್ಟೆ. ಬಾಯಮ್ಮ ನಗಲಿಲ್ಲ. “ಊಟ ಕಾಲು ಗಂಟೆಯದು, ರಾಯರೇ. ಭತ್ತ ಬೆಳೆಯುವುದಕ್ಕೆ ಎಷ್ಟು ತಿಂಗಳು ಬೇಕು?” ಎಂದರು.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ನೆರೆಹೊರೆಯಲ್ಲಿ ವರ್ಷಗಟ್ಟಲೆ ಬಾಳಿದರೂ ಒಬ್ಬರ ಮನೆಯ ಸಂಸ್ಕಾರಗಳ ಅರ್ಥ ಮತ್ತೊಬ್ಬರಿಗೆ ತಿಳಿಯದೆ ಹೋಗುವುದು ನಮ್ಮ ನಗರಜೀವನದ ಒಂದು ಕೊರತೆ. ಮದುವೆಯ ಊಟಕ್ಕೆ ಹೋಗಿಬರುತ್ತೇವೆ, ಕ್ರಿಸ್‌ಮಸ್ಸಿನ ಕುಸ್ವಾರದ ತಟ್ಟೆಯನ್ನು ಸವಿಯುತ್ತೇವೆ, ಅದರಾಚೆಗೆ ವಿಚಾರಿಸುವುದಿಲ್ಲ. ಆ ಕೊರತೆಯನ್ನು ತುಸುವಾದರೂ ತುಂಬುವುದು ಈ ಲೇಖನದ ಉದ್ದೇಶ.

ಹದಿನಾರಲ್ಲ, ಏಳು

ಹಿಂದೂ ಸಂಪ್ರದಾಯದಲ್ಲಿ ಷೋಡಶ ಸಂಸ್ಕಾರಗಳುಂಟೆಂಬುದು ಎಲ್ಲರಿಗೂ ತಿಳಿದ ವಿಷಯ. ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಸಂಸ್ಕಾರಗಳು ಏಳು: ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ, ಪಾಪನಿವೇದನೆ, ರೋಗಿಗಳ ಅಭ್ಯಂಗ, ಗುರುದೀಕ್ಷೆ ಮತ್ತು ವಿವಾಹ. ಈ ಏಳರ ಸಂಖ್ಯೆಯನ್ನು ಟ್ರೆಂಟ್ ನಗರದಲ್ಲಿ ನಡೆದ ಮಹಾಸಭೆಯು ೧೫೪೭ರಲ್ಲಿ ವಿಧಿಯಾಗಿ ಸಾರಿತು. ಇವುಗಳಲ್ಲಿ ಜ್ಞಾನಸ್ನಾನ, ದೃಢೀಕರಣ, ಗುರುದೀಕ್ಷೆ ಎಂಬ ಮೂರು ಮನುಷ್ಯನ ಬಾಳಿನಲ್ಲಿ ಒಮ್ಮೆ ಮಾತ್ರ ನಡೆಯತಕ್ಕವು. ಅವುಗಳ ಮುದ್ರೆ ಅಳಿಯದೆಂದು ಅವರ ನಂಬಿಕೆ.

ನೀರು, ಎಣ್ಣೆ, ರೊಟ್ಟಿ, ದ್ರಾಕ್ಷಾರಸ, ಕೈಯಿಟ್ಟು ಹರಸುವುದು, ಬಾಯಿಬಿಟ್ಟು ಆಡಿದ ಮಾತು—ಸಂಸ್ಕಾರಗಳ ಸಾಮಗ್ರಿ ಇಷ್ಟೇ. ಕಣ್ಣಿಗೆ ಕಾಣುವ ಈ ಸಾಮಾನ್ಯ ವಸ್ತುಗಳ ಮೂಲಕ ಕಣ್ಣಿಗೆ ಕಾಣದ ದೇವರ ಕೃಪೆಯು ಮನುಷ್ಯನನ್ನು ಮುಟ್ಟುತ್ತದೆಂಬುದೇ ಸಂಸ್ಕಾರದ ತಿರುಳು. ಆದರೆ ಕೃಪೆ ದೇವರದಾದರೂ ಅದನ್ನು ಸ್ವೀಕರಿಸುವ ಪಾತ್ರೆ ಶುದ್ಧವಾಗಿರಬೇಕು. ಆದುದರಿಂದಲೇ ಪ್ರತಿಯೊಂದು ಸಂಸ್ಕಾರಕ್ಕೂ ಒಂದು ಸಿದ್ಧತೆ. ಆ ಸಿದ್ಧತೆಯ ಹೊಣೆ ಒಬ್ಬನದಲ್ಲ, ಇಡೀ ಇಗರ್ಜಿಯ ಊರೊಟ್ಟಿನದು.

ನೀರು ಮತ್ತು ಹೆಸರು

ಮೊದಲನೆಯದು ಜ್ಞಾನಸ್ನಾನ, ದೀಕ್ಷಾಸ್ನಾನವೆಂದೂ ಕರೆಯುವರು. ಮಗುವಿನ ತಲೆಯ ಮೇಲೆ ಮೂರು ಬಾರಿ ನೀರೆರೆದು, ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ಸ್ನಾನ ಮಾಡಿಸುವುದು ಇದರ ಮುಖ್ಯ ಭಾಗ. ಬಿಳಿಯ ವಸ್ತ್ರ ಹೊದಿಸುತ್ತಾರೆ. ಪಾಸ್ಕ ಹಬ್ಬದ ದೊಡ್ಡ ಮೇಣದ ಬತ್ತಿಯಿಂದ ಒಂದು ಚಿಕ್ಕ ಬತ್ತಿಯನ್ನು ಹೊತ್ತಿಸಿ ಕೊಡುತ್ತಾರೆ. ಇಷ್ಟೂ ಮುಗಿಯಲು ಅರ್ಧ ಗಂಟೆ ಸಾಕು.

ಹಸುಗೂಸು ತಾನಾಗಿ ಸಿದ್ಧವಾಗಲಾರದಷ್ಟೆ. ಆದುದರಿಂದ ಇಲ್ಲಿ ಸಿದ್ಧರಾಗಬೇಕಾದವರು ತಂದೆತಾಯಿಗಳು ಮತ್ತು ಧರ್ಮದ ತಂದೆತಾಯಿಗಳು. ಮಗುವನ್ನು ಯಾವ ನಂಬಿಕೆಯಲ್ಲಿ ಬೆಳೆಸುತ್ತೇವೆಂಬುದನ್ನು ಅವರು ಮೊದಲೇ ಗುರುಗಳಿಂದ ಕೇಳಿ ತಿಳಿಯಬೇಕು. ಧರ್ಮದ ತಂದೆ ಅಥವಾ ತಾಯಿಯಾಗುವವರಿಗೆ ಸಾಮಾನ್ಯವಾಗಿ ಹದಿನಾರು ವರ್ಷ ತುಂಬಿರಬೇಕು. ಅವರು ದೃಢೀಕರಣ ಪಡೆದಿರಬೇಕು. ಬೆಳ್ಳಿಯ ಲೋಟ ಕೊಟ್ಟು ಮರೆತುಬಿಡುವ ನೆಂಟಸ್ತಿಕೆ ಇದಲ್ಲ. ಮಗುವಿನ ನಂಬಿಕೆ ಬೆಳೆಯಲು ತಂದೆತಾಯಿಗಳಿಗೆ ಹೆಗಲು ಕೊಡುವೆವೆಂದು ಇಗರ್ಜಿಯಲ್ಲಿ ನಿಂತು ಕೊಟ್ಟ ವಚನವಿದು.

ಒಂದು ವಿಶೇಷವನ್ನು ಇಲ್ಲಿ ಹೇಳಬೇಕು. ಮಗುವಿನ ಪ್ರಾಣಕ್ಕೆ ಅಪಾಯವೊದಗಿ, ಗುರುಗಳು ಬರುವಷ್ಟು ಸಮಯವಿಲ್ಲದಿದ್ದರೆ ಯಾರು ಬೇಕಾದರೂ ಜ್ಞಾನಸ್ನಾನ ಮಾಡಿಸಬಹುದು. ಆಸ್ಪತ್ರೆಯ ದಾದಿ, ಸೂಲಗಿತ್ತಿ, ಕ್ರೈಸ್ತರಲ್ಲದವರು ಸಹ, ಧರ್ಮಸಭೆಯ ಉದ್ದೇಶದಂತೆ ನೀರೆರೆದು ಆ ಮಾತುಗಳನ್ನು ನುಡಿದರೆ ಸಂಸ್ಕಾರ ಸಿದ್ಧಿಸುತ್ತದೆ.

ಈ ನಿಯಮದ ಬೆಲೆ ಎಷ್ಟೆಂಬುದನ್ನು ದೂರದ ಜಪಾನಿನ ಚರಿತ್ರೆ ತೋರಿಸಿಕೊಟ್ಟಿದೆ. ಅಲ್ಲಿನ ಆಳರಸರು ೧೬೧೪ರಲ್ಲಿ ಕ್ರೈಸ್ತಧರ್ಮವನ್ನು ನಿಷೇಧಿಸಿದರು. ಕೆಲವು ದಶಕಗಳಲ್ಲಿ ದೇಶದಲ್ಲಿ ಒಬ್ಬ ಗುರುವೂ ಉಳಿಯಲಿಲ್ಲ. ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಅಭ್ಯಂಗವಿಲ್ಲ. ಆದರೂ ಹಳ್ಳಿಗಳ ಸಾಮಾನ್ಯ ಜನರು ಗುಟ್ಟಾಗಿ ತಮ್ಮ ಮಕ್ಕಳಿಗೆ ತಾವೇ ನೀರೆರೆಯುತ್ತ, ಆ ಮಾತುಗಳನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದರು. ೧೮೬೫ರ ಮಾರ್ಚ್ ೧೭ರಂದು ನಾಗಸಾಕಿಯ ಓಊರಾ ಇಗರ್ಜಿಗೆ ಬಂದ ಒಂದು ಗುಂಪು, ಅಲ್ಲಿದ್ದ ಫ್ರೆಂಚ್ ಗುರು ಪೆತಿಜಾನರಿಗೆ ತಾವೂ ಅದೇ ನಂಬಿಕೆಯವರೆಂದು ತಿಳಿಸಿತು. ಎರಡು ಶತಮಾನಗಳಿಗೂ ಮಿಕ್ಕ ಕಾಲ ಒಂದು ಬೊಗಸೆ ನೀರು ಒಂದು ಸಮುದಾಯವನ್ನು ಕಾದಿತ್ತು!

ನಮ್ಮ ಕಡೆಗೆ ಮರಳೋಣ. ಜ್ಞಾನಸ್ನಾನವಾದ ಕೂಡಲೇ ಮಗುವಿನ ಹೆಸರು ಇಗರ್ಜಿಯ ದಫ್ತರಕ್ಕೆ ಏರುತ್ತದೆ. ತಂದೆತಾಯಿಗಳ ಹೆಸರು, ಧರ್ಮದ ತಂದೆತಾಯಿಗಳ ಹೆಸರು, ಹುಟ್ಟಿದ ದಿನ, ಸ್ಥಳ ಎಲ್ಲವನ್ನೂ ಬರೆಯುತ್ತಾರೆ. ಅದರ ಜೊತೆಗೆ ಆ ಹೆಸರಿನ ಎದುರು ಒಂದಿಷ್ಟು ಜಾಗವನ್ನು ಖಾಲಿ ಬಿಡುತ್ತಾರೆ. ಮುಂದೆ ಆ ಮಗು ದೃಢೀಕರಣ ಪಡೆದರೆ, ಮದುವೆಯಾದರೆ ಅಥವಾ ಗುರುದೀಕ್ಷೆ ಪಡೆದರೆ ಅದನ್ನು ಬರೆಯಬೇಕಾದುದು ಅಲ್ಲಿಯೇ. ಮಂಗಳೂರಿನಲ್ಲಿ ಜ್ಞಾನಸ್ನಾನ ಪಡೆದ ಹುಡುಗಿ ಬೆಂಗಳೂರಿನಲ್ಲಿ ಮದುವೆಯಾದರೂ ಇಲ್ಲಿನ ಗುರುಗಳು ಆ ಸಂಗತಿಯನ್ನು ಅಲ್ಲಿಗೆ ತಿಳಿಸುತ್ತಾರೆ. ಮನುಷ್ಯ ಎಲ್ಲಿ ಅಲೆದರೂ ಅವನ ಹೆಸರಿನ ಎದುರಿನ ಜಾಗ ಅವನಿಗಾಗಿ ಕಾದಿರುತ್ತದೆ.

ತಿಳಿವು ಮೂಡುವ ವಯಸ್ಸು

ಇನ್ನು ನಮ್ಮ ಬೀದಿಯ ಹುಡುಗಿ ಕಲಿಯುತ್ತಿದ್ದ ಪಾಠದ ವಿಷಯ. ಹಿಂದೆ ಮಕ್ಕಳು ಮೊದಲ ಪರಮಪ್ರಸಾದಕ್ಕಾಗಿ ಹತ್ತು, ಹನ್ನೆರಡು, ಕೆಲವು ಕಡೆ ಹದಿನಾಲ್ಕು ವರ್ಷದವರೆಗೂ ಕಾಯಬೇಕಾಗಿತ್ತು. ೧೯೧೦ರಲ್ಲಿ ಹತ್ತನೆಯ ಪಯಸ್ ಜಗದ್ಗುರುಗಳು ಈ ಪದ್ಧತಿಯನ್ನು ಬದಲಿಸಿದರು. ಮಗುವಿಗೆ ವಿವೇಕ ಮೂಡುವ ವಯಸ್ಸು, ಎಂದರೆ ಸುಮಾರು ಏಳು ವರ್ಷ ಸಾಕು. ದಿನನಿತ್ಯದ ರೊಟ್ಟಿಗೂ ಪರಮಪ್ರಸಾದಕ್ಕೂ ಇರುವ ವ್ಯತ್ಯಾಸವನ್ನು ಅದು ಅರಿತರೆ ಸಾಕು ಎಂದು ವಿಧಿಸಿದರು. ದೊಡ್ಡ ಪಂಡಿತರಿಗೆ ಮೀಸಲಾದುದು ಇದಲ್ಲವೆಂಬುದು ಅವರ ಅಭಿಪ್ರಾಯ.

ಆ ರೊಟ್ಟಿ ಗೋಧಿ ಮತ್ತು ನೀರಿನದು ಮಾತ್ರ, ಹುಳಿ ಸೇರಿಸುವುದಿಲ್ಲ. ಕಾದ ಕಬ್ಬಿಣದ ಎರಡು ಫಲಕಗಳ ನಡುವೆ ತೆಳ್ಳಗೆ ಬೇಯಿಸಿ ದುಂಡಗೆ ಕತ್ತರಿಸುತ್ತಾರೆ. ಬಲಿಪೂಜೆಯಲ್ಲಿ ಗುರುಗಳ ವಾಕ್ಯದಿಂದ ಅದು ಕ್ರಿಸ್ತನ ಶರೀರವಾಗುತ್ತದೆಂಬುದು ಕ್ಯಾಥೊಲಿಕ್ ವಿಶ್ವಾಸದ ನಡುಗಂಬ.

ಬಾಯಮ್ಮನ ಬಾಲ್ಯದಲ್ಲಿ ಪರಮಪ್ರಸಾದ ಸ್ವೀಕರಿಸುವವರು ಹಿಂದಿನ ಮಧ್ಯರಾತ್ರಿಯಿಂದ ಒಂದು ಗುಟುಕು ನೀರನ್ನೂ ಕುಡಿಯುವಂತಿರಲಿಲ್ಲ. ಬಲಿಪೂಜೆಯೆಲ್ಲ ಲ್ಯಾಟಿನ್ ಭಾಷೆಯಲ್ಲಿ. “ಅರ್ಥವಾಗುತ್ತಿರಲಿಲ್ಲ, ಆದರೆ ಹೊಟ್ಟೆ ಹಸಿದಿರುತ್ತಿತ್ತಲ್ಲ, ಇದು ದೊಡ್ಡ ದಿನವೆಂದು ಹೊಟ್ಟೆಗೆ ಗೊತ್ತಾಗುತ್ತಿತ್ತು” ಎಂದು ಆಕೆ ಹೇಳುತ್ತಿದ್ದರು. ೧೯೫೩ರಲ್ಲಿ ನೀರು ಕುಡಿಯಲು ಅನುಮತಿ ದೊರೆಯಿತು. ೧೯೫೭ರಲ್ಲಿ ಉಪವಾಸ ಮೂರು ಗಂಟೆಗೆ, ೧೯೬೪ರಲ್ಲಿ ಒಂದು ಗಂಟೆಗೆ ಇಳಿಯಿತು. ೧೯೬೨ರಿಂದ ೧೯೬೫ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಬಲಿಪೂಜೆ ಕನ್ನಡ, ಕೊಂಕಣಿ, ತಮಿಳುಗಳಲ್ಲಿ ಕೇಳಿಸತೊಡಗಿತು.

ಮೊದಲ ಪರಮಪ್ರಸಾದಕ್ಕೆ ಮುಂಚೆ ಮೊದಲ ಪಾಪನಿವೇದನೆ ಆಗಬೇಕು. ಇದಕ್ಕೆ ಮಕ್ಕಳಿಗೆ ಐದು ಮೆಟ್ಟಿಲುಗಳನ್ನು ಕಲಿಸುತ್ತಾರೆ: ತನ್ನ ಮನಸ್ಸನ್ನು ತಾನೇ ಶೋಧಿಸುವುದು, ತಪ್ಪಿಗಾಗಿ ಮರುಗುವುದು, ಮತ್ತೆ ಮಾಡೆನೆಂದು ನಿಶ್ಚಯಿಸುವುದು, ಗುರುಗಳ ಮುಂದೆ ನಿವೇದಿಸುವುದು, ವಿಧಿಸಿದ ಪ್ರಾಯಶ್ಚಿತ್ತವನ್ನು ಸಲ್ಲಿಸುವುದು. ಗುರುಗಳು ಕೇಳಿದ್ದನ್ನು ಯಾರಿಗೂ, ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ಗುಟ್ಟು ಬಿಟ್ಟುಕೊಟ್ಟ ಗುರುವಿಗೆ ಬಹಿಷ್ಕಾರವೇ ಶಿಕ್ಷೆ. ಇನ್ನೂ ಒಂದು ಮಾತಿದೆ. ಕದ್ದದ್ದನ್ನು ಮನೆಯಲ್ಲಿಟ್ಟುಕೊಂಡು ಕ್ಷಮೆ ಬೇಡಿದರೆ ಆಗದು, ಸಾಧ್ಯವಾದಮಟ್ಟಿಗೆ ಹಿಂದಿರುಗಿಸಬೇಕು.

ಈ ಪಾಠದ ಫಲ ನಮ್ಮ ಮನೆಗೂ ತಲಪಿತು. ಒಂದು ಶನಿವಾರ ಆ ಹುಡುಗಿ ನಮ್ಮ ಬಾಗಿಲಿಗೆ ಬಂದು, ನನ್ನ ಮಗಳ ಕೈಯಲ್ಲಿ ಒಂದು ಕೆಂಪು ಬಣ್ಣದ ಪೆನ್ಸಿಲು ಇಟ್ಟು, ಕಣ್ಣು ಕೆಳಗೆ ಮಾಡಿ ನಿಂತಳು. ಕಳೆದುಹೋಗಿ ಆರು ತಿಂಗಳಾಗಿದ್ದ ಪೆನ್ಸಿಲದು. ಅದನ್ನು ನಾವು ಮರೆತೇಬಿಟ್ಟಿದ್ದೆವು. ಒಂದು ವರ್ಷದ ತರಗತಿಯನ್ನು ಕಂಡು ನಕ್ಕ ನನಗೆ ಅಂದು ನಾಚಿಕೆಯಾಯಿತು.

ಹಾಗೆಂದು ಎಲ್ಲ ಕಡೆಗಳಲ್ಲೂ ಸಿದ್ಧತೆ ಇದೇ ದಾರಿಯಲ್ಲಿ ಸಾಗುತ್ತದೆಂದು ಹೇಳಲಾಗದು. ಬಿಳಿಯ ಗೌನಿಗೆ ಎಷ್ಟು ಮಾರು ಜಾಲರಿ ಬೇಕು, ಸಭಾಂಗಣ ಯಾವುದು, ಛಾಯಾಚಿತ್ರಕಾರ ಯಾರು, ಕೇಕು ಎಷ್ಟು ಅಂತಸ್ತಿನದು ಎಂಬ ಚರ್ಚೆಯಲ್ಲೇ ತಿಂಗಳುಗಳು ಕಳೆದುಹೋಗುವ ಮನೆಗಳೂ ಉಂಟು. ಉಪನಯನವನ್ನು ಆರತಕ್ಷತೆಯ ಮಟ್ಟಕ್ಕೆ ಇಳಿಸಿರುವ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಮಗುವಿಗೆ ಕಡೆಗೆ ನೆನಪಿನಲ್ಲಿ ಉಳಿಯುವುದು ಉಡುಗೊರೆಯ ಪೊಟ್ಟಣಗಳು ಮಾತ್ರ. ಇದನ್ನರಿತ ಕೆಲವು ಇಗರ್ಜಿಗಳಲ್ಲಿ ಎಲ್ಲ ಮಕ್ಕಳಿಗೂ ಒಂದೇ ತೆರನಾದ ಸರಳ ಉಡುಪನ್ನು ಗೊತ್ತುಮಾಡಿದ್ದಾರೆ. ಬಡವರ ಮಗುವೂ ಸಾಹುಕಾರರ ಮಗುವೂ ಒಂದೇ ಸಾಲಿನಲ್ಲಿ ನಿಂತಾಗ ಯಾರದು ಯಾವ ಮನೆಯೆಂದು ತಿಳಿಯಬಾರದು.

ಎಣ್ಣೆ, ಉಂಗುರ, ದೀಕ್ಷೆ

ದೃಢೀಕರಣವನ್ನು ಸಾಮಾನ್ಯವಾಗಿ ನೀಡುವವರು ಧರ್ಮಾಧ್ಯಕ್ಷರು. ಹಣೆಗೆ ಹಚ್ಚುವ ಪರಿಮಳತೈಲವನ್ನು ಪಾಸ್ಕ ಹಬ್ಬಕ್ಕೆ ಮುಂಚಿನ ಪವಿತ್ರ ಗುರುವಾರದಂದು, ಇಲ್ಲವೇ ಅದರ ಆಸುಪಾಸಿನ ಒಂದು ದಿನ, ಅವರು ತಮ್ಮ ಗುರುಗಳೆಲ್ಲರ ನಡುವೆ ನಿಂತು ಪವಿತ್ರಗೊಳಿಸುತ್ತಾರೆ. ಅಲ್ಲಿಂದ ಅದು ಧರ್ಮಪ್ರಾಂತ್ಯದ ಇಗರ್ಜಿಗಳಿಗೆಲ್ಲ ಹೋಗುತ್ತದೆ. ಹಿಂದೆ ದೃಢೀಕರಣದಲ್ಲಿ ಧರ್ಮಾಧ್ಯಕ್ಷರು ಕೆನ್ನೆಗೆ ಮೆಲ್ಲನೆ ಒಂದು ಏಟು ಕೊಡುವ ವಾಡಿಕೆಯಿತ್ತು: ನಂಬಿಕೆಗಾಗಿ ಕಷ್ಟಪಡಲು ಸಿದ್ಧನಾಗು ಎಂಬ ಸೂಚನೆ ಅದು. ೧೯೭೧ರ ಹೊಸ ವಿಧಿಯಲ್ಲಿ ಅದನ್ನು ಬಿಟ್ಟಿದ್ದಾರೆ.

ಮದುವೆಯ ವಿಷಯದಲ್ಲಿ ನಮ್ಮವರು ಅನೇಕರು ತಿಳಿಯದ ಒಂದು ಸಂಗತಿಯಿದೆ. ರೋಮನ್ ಕ್ಯಾಥೊಲಿಕ್ ವಿಧಿಯಲ್ಲಿ ಮದುವೆ ಮಾಡಿಸುವವರು ಗುರುಗಳಲ್ಲ. ವಧೂವರರೇ ಪರಸ್ಪರ ಆ ಸಂಸ್ಕಾರವನ್ನು ಕೊಟ್ಟುಕೊಳ್ಳುತ್ತಾರೆ. ಗುರುಗಳು ಧರ್ಮಸಭೆಯ ಪರವಾಗಿ ಅವರ ಒಪ್ಪಿಗೆಯನ್ನು ಕೇಳಿ ಸ್ವೀಕರಿಸುವವರು. ಗುರುಗಳೂ ಇಬ್ಬರು ಸಾಕ್ಷಿಗಳೂ ಇರಲೇಬೇಕೆಂಬ ನಿಯಮವನ್ನು ಟ್ರೆಂಟ್ ಮಹಾಸಭೆ ೧೫೬೩ರಲ್ಲಿ ಮಾಡಿತು. ಗುಟ್ಟಾಗಿ ಮದುವೆಯಾಗಿ ಮುಂದೆ ಇಲ್ಲವೆನ್ನುವ ಗಂಡಸರಿಂದ ಹೆಣ್ಣುಮಕ್ಕಳು ಮೋಸಹೋಗದಿರಲೆಂಬುದು ಅದರ ಒಂದು ಕಾರಣ. ಮದುವೆಗೆ ಮುಂಚೆ ವಧೂವರರ ಹೆಸರುಗಳನ್ನು ಇಗರ್ಜಿಯಲ್ಲಿ ಓದಿ, ಅಡ್ಡಿಯೇನಾದರೂ ಇದ್ದರೆ ತಿಳಿಸಬೇಕೆಂದು ಸಭೆಯನ್ನು ಕೇಳುತ್ತಾರೆ. ಮೂರು ಭಾನುವಾರ ಓದುವುದು ಹಳೆಯ ರೂಢಿ. ಈಚೆಗೆ ವಧೂವರರಿಗೆ ವಿವಾಹ ಸಿದ್ಧತೆಯ ತರಗತಿಗಳೂ ಉಂಟು. ಹಣಕಾಸು, ಅತ್ತೆಮಾವಂದಿರು, ಮಕ್ಕಳು, ಜಗಳ, ಕ್ಷಮೆ—ಸಂಸಾರದ ಎಲ್ಲ ವಿಷಯಗಳನ್ನೂ ಅಲ್ಲಿ ಬಿಚ್ಚಿ ಮಾತಾಡುತ್ತಾರೆ.

ಇದಲ್ಲದೆ ಊರ ಪದ್ಧತಿಯ ಸಿದ್ಧತೆಯೂ ಇದೆ. ಮಂಗಳೂರಿನ ಕ್ಯಾಥೊಲಿಕರಲ್ಲಿ ಮದುವೆಯ ಮುನ್ನಾದಿನ ‘ರೋಸ್’ ಎಂಬ ಶಾಸ್ತ್ರ. ತೆಂಗಿನಕಾಯಿಯ ಹಾಲನ್ನು ಹಿರಿಯರೆಲ್ಲ ಮೈಗೆ ಹಚ್ಚಿ ಹರಸಿ ಸ್ನಾನ ಮಾಡಿಸುತ್ತಾರೆ. ಕನ್ನಡ ನಾಡಿನ ಹಲವು ಕಡೆ ಉಂಗುರದೊಡನೆ ಶಿಲುಬೆಯ ಗುರುತುಳ್ಳ ತಾಳಿಯೂ ಇರುತ್ತದೆ. ನೆಲದ ವಾಡಿಕೆಯೂ ಧರ್ಮದ ವಿಧಿಯೂ ಒಂದೇ ಚಪ್ಪರದಡಿ ಹೊಂದಿಕೊಂಡಿರುವುದನ್ನು ಇಲ್ಲಿ ಕಾಣಬಹುದು.

ಎಲ್ಲಕ್ಕಿಂತ ದೀರ್ಘವಾದ ಸಿದ್ಧತೆ ಗುರುದೀಕ್ಷೆಯದು. ತತ್ತ್ವಶಾಸ್ತ್ರ, ದೈವಶಾಸ್ತ್ರಗಳ ಅಭ್ಯಾಸಕ್ಕೆ ಕನಿಷ್ಠ ಆರು ವರ್ಷಗಳೆಂದು ಧರ್ಮಸಭೆಯ ವಿಧಿ. ೧೮೭೯ರಲ್ಲಿ ಆರಂಭವಾದ, ಮಂಗಳೂರಿನ ಜೆಪ್ಪುವಿನ ಸಂತ ಜೋಸೆಫರ ಗುರುಮಠ ಇಂಥ ಅಭ್ಯಾಸಕ್ಕೆ ಹೆಸರಾದುದು.

ತಡವಾಗಿ ಕರೆಯುವ ಸಂಸ್ಕಾರ

ಉಳಿದುದು ರೋಗಿಗಳ ಅಭ್ಯಂಗ. ಏಳರಲ್ಲಿ ಜನರು ಅಂಜುವುದು ಇದೊಂದಕ್ಕೇ. ಹಿಂದೆ ಇದಕ್ಕೆ ‘ಕೊನೆಯ ಅಭ್ಯಂಗ’ವೆಂದು ಹೆಸರಿತ್ತು. ಕಣ್ಣು, ಕಿವಿ, ಮೂಗು, ತುಟಿ, ಕೈ, ಕಾಲುಗಳಿಗೆ ಎಣ್ಣೆ ಹಚ್ಚುತ್ತಿದ್ದರು. ಗುರುಗಳು ಎಣ್ಣೆಯ ಭರಣಿಯೊಡನೆ ಬಂದರೆಂದರೆ ರೋಗಿಯ ಆಸೆ ಮುಗಿಯಿತೆಂದು ಬೀದಿಯೆಲ್ಲ ತಿಳಿಯುತ್ತಿತ್ತು. ವ್ಯಾಟಿಕನ್ ಮಹಾಸಭೆಯು ೧೯೬೩ರಲ್ಲಿ, ಇದು ಪ್ರಾಣ ಹೋಗುವ ಗಳಿಗೆಯ ಸಂಸ್ಕಾರ ಮಾತ್ರವಲ್ಲ, ರೋಗಿಗಳ ಅಭ್ಯಂಗವೆಂಬ ಹೆಸರೇ ಇದಕ್ಕೆ ಹೆಚ್ಚು ತಕ್ಕುದು ಎಂದು ಹೇಳಿತು. ೧೯೭೨ರ ಹೊಸ ವಿಧಿಯಂತೆ ಹಣೆಗೂ ಅಂಗೈಗಳಿಗೂ ಎಣ್ಣೆ ಹಚ್ಚುತ್ತಾರೆ. ಕಾಯಿಲೆ ಬಲವಾದಾಗ, ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆ, ಮುಪ್ಪಿನಿಂದ ಶಕ್ತಿ ಕುಂದಿದಾಗ ಪಡೆಯಬಹುದು; ಮತ್ತೆ ಮತ್ತೆ ಪಡೆಯಬಹುದು. ಆದರೆ ಹಳೆಯ ಹೆಸರಿನ ಭಯ ಮನೆಗಳಿಂದ ಇನ್ನೂ ಹೋಗಿಲ್ಲ.

ಕಳೆದ ಮಳೆಗಾಲದಲ್ಲಿ ಬಾಯಮ್ಮ ಹಾಸಿಗೆ ಹಿಡಿದರು. ಉಸಿರಿನ ತೊಂದರೆ. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೂ ಚೇತರಿಸಿಕೊಳ್ಳಲಿಲ್ಲ. ಗುರುಗಳನ್ನು ಕರೆಸೋಣವೆಂದು ಸೊಸೆ ಹೇಳಿದರೆ, “ಬೇಡ, ಅಮ್ಮ ಗಾಬರಿಯಾದಾರು” ಎಂದು ಮಗ ತಡೆದರು. ಎರಡು ದಿನ ಹೀಗೆಯೇ ಕಳೆಯಿತು. ನಾನು ನೋಡಿಬರಲು ಹೋಗಿದ್ದ ಸಂಜೆಯೂ ನಡುಮನೆಯಲ್ಲಿ ಇದೇ ಪಿಸುಮಾತು ನಡೆದಿತ್ತು. ಆಗ ಮೊಮ್ಮಗಳು, “ಅಪ್ಪಾ, ಅದು ಸಾಯುವವರಿಗೆಂದು ನಮಗೆ ಕಲಿಸಿಲ್ಲ. ಕಾಯಿಲೆಯವರಿಗೆಂದು ಕಲಿಸಿದ್ದಾರೆ. ಅಜ್ಜಿಗೆ ಕಾಯಿಲೆ ಅಲ್ಲವೇ?” ಎಂದಳು. ಯಾರೂ ಉತ್ತರ ಕೊಡಲಿಲ್ಲ. ತಂದೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಸೊಸೆ ಹಾಸಿಗೆಯ ಪಕ್ಕದ ಮೇಜಿಗೆ ಬಿಳಿಯ ಬಟ್ಟೆ ಹಾಸಿ, ಶಿಲುಬೆಯಿಟ್ಟು, ಮೇಣದ ಬತ್ತಿ ಹೊತ್ತಿಸಿದರು. ಗುರುಗಳು ಬಂದರು. ಅವರನ್ನು ಕಂಡ ಬಾಯಮ್ಮ ಗಾಬರಿಯಾಗಲಿಲ್ಲ. ಮಗನ ಕಡೆ ತಿರುಗಿ ಮೆಲ್ಲನೆ, “ನಾನೇ ಕೇಳಬೇಕೆಂದಿದ್ದೆ. ನೀವೆಲ್ಲ ಹೆದರಿಕೊಂಡೀರೆಂದು ಸುಮ್ಮನಿದ್ದೆ” ಎಂದರು.

ತಾಯಿ ಹೆದರುವರೆಂದು ಮಗ ಸುಮ್ಮನಿದ್ದರು. ಮಗ ಹೆದರುವನೆಂದು ತಾಯಿ ಸುಮ್ಮನಿದ್ದರು. ಆ ಎರಡು ದಿನಗಳನ್ನು ನೆನೆದರೆ ಯಾವ ಮತದ ಮನೆಯವರಿಗೂ ತಮ್ಮ ಮನೆಯ ಒಂದು ಹಾಸಿಗೆ ನೆನಪಾಗದಿರದು.

ಪವಾಡವೇನೂ ನಡೆಯಲಿಲ್ಲ. ಆದರೆ ಬಾಯಮ್ಮ ಆ ರಾತ್ರಿ ನಿದ್ರೆ ಮಾಡಿದರು. ಮರುದಿನ ಗಂಜಿ ಕೇಳಿದರು. ಆಸ್ತಿಯ ಪಾಲಿನ ವಿಷಯದಲ್ಲಿ ಮುನಿದು ಬಹುಕಾಲ ಮಾತು ಬಿಟ್ಟಿದ್ದ ತಂಗಿಗೆ ದೂರವಾಣಿ ಮಾಡಿಸಿ ಮಾತಾಡಿದರು. ಐದು ವಾರಗಳ ತರುವಾಯ, ಮನೆಯವರೆಲ್ಲ ಸುತ್ತ ಕುಳಿತಿರುವಾಗ, ಕಡೆಯ ಪರಮಪ್ರಸಾದವನ್ನು ಸ್ವೀಕರಿಸಿ ಕಣ್ಣುಮುಚ್ಚಿದರು. ಹೀಗೆ ಕೊನೆಯದಾಗಿ ಕೊಡುವ ಪರಮಪ್ರಸಾದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಪ್ರಯಾಣದ ಆಹಾರವೆಂಬ ಅರ್ಥದ ಹೆಸರಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ದಾರಿಬುತ್ತಿ.

ಈಗ ಆ ಮನೆಯ ಕಿರಿಯ ಹುಡುಗ ಭಾನುವಾರದ ತರಗತಿಗೆ ಸೇರಿದ್ದಾನೆ. ಸಂಜೆ ಅದೇ ಜಗಲಿಯ ಮೆಟ್ಟಿಲ ಮೇಲೆ ಅಕ್ಕ ಕುಳಿತು ಅವನಿಂದ ಪಾಠ ಒಪ್ಪಿಸಿಕೊಳ್ಳುತ್ತಾಳೆ. ಅವನು ತಪ್ಪಿದರೆ ಅಜ್ಜಿಯಂತೆಯೇ ಮೊದಲಿನಿಂದ ಹೇಳಿಸುತ್ತಾಳೆ. ಇದಕ್ಕೆ ಇಷ್ಟು ದಿನ ಬೇಕೇ ಎಂದು ಈ ಸಲ ನಾನು ಕೇಳಲಿಲ್ಲ.